ಅಂಬಿಗರ ಸಾಬಣ್ಣನ ನಾಲ್ಕನೆಯ ಇಯತ್ತೆ

ಸಾಬಣ್ಣ ಕನ್ನಡವನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದ. ಪಾಟಿಯ ಬಲತುದಿಗೆ ಬಳಪ ಊರಿ, ಒಂದೊಂದೇ ಅಕ್ಷರ ದುಂಡಗೆ ತಿದ್ದುತ್ತ ಎಡಕ್ಕೆ ಸರಿಯುವನು. ಅಕ್ಷರಗಳೇನೋ ಅಚ್ಚುಕಟ್ಟು. ಆದರೆ ಅವನು ಬರೆದ ಹೆಸರನ್ನು ನಾವು ಓದಿದರೆ ‘ಣ್ಣಬಸಾ’ ಆಗುತ್ತಿತ್ತು. ಶಾಲೆಯ ಮಕ್ಕಳು ಅವನನ್ನು ಹಾಗೇ ಕರೆಯತೊಡಗಿದವು. ಅವನಿಗೆ ಸಿಟ್ಟು ಬರಲಿಲ್ಲ. “ಹೊಳಿ ದಾಟಾವಗ ಯಾವ ದಂಡಿಂದ ಹೊಂಟರೇನ್ರಿ ಅಕ್ಕೋರ, ಮುಟ್ಟಿದರ ಆಯ್ತಿಲ್ಲ?” ಎಂದು ನನ್ನನ್ನೇ ಕೇಳಿದ.

ನಾನು ಗದಗಿನ ಕಡೆಯವಳು. ನಿಜಾಮಶಾಹಿ ಮುಗಿದು, ಹಳ್ಳಿಯ ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿದ್ದ ದಿನಗಳವು. ಕಕ್ಕೇರಾದ ಕಡೆ ಕೃಷ್ಣಾ ಹೊಳೆಯ ನಡುವಿನ ಒಂದು ಗಡ್ಡಿಗೆ, ಅಂದರೆ ಸುತ್ತ ನೀರಿರುವ ಊರಿಗೆ, ನನ್ನನ್ನು ಕನ್ನಡ ಕಲಿಸಲು ಹಾಕಿದರು. ನನ್ನ ತಾಯಿಯೂ ಟ್ರಂಕು ಹಿಡಿದುಕೊಂಡು ಜೊತೆಗೆ ಬಂದಳು. ಮೊದಲ ದಿನ ನಮ್ಮನ್ನು ಪುಟ್ಟಿಯಲ್ಲಿ ಕೂಡಿಸಿಕೊಂಡು ದಾಟಿಸಿದವನೇ ಸಾಬಣ್ಣ. ಬಿದಿರು ಹೆಣೆದು ಚರ್ಮ ಹೊದಿಸಿದ ಆ ಗುಂಡನೆಯ ದೋಣಿ ಬುಗುರಿಯಂತೆ ತಿರುಗುವುದನ್ನು ಕಂಡು ತಾಯಿ ಕಣ್ಣು ಮುಚ್ಚಿ ಕೂತಿದ್ದಳು. “ಕಣ್ಣ ತೆಗೀರಿ ಅವ್ವಾರ, ತಿರಗೂದು ಪುಟ್ಟಿ ಚಾಳಿ, ಮುಳಗೂದಲ್ಲ” ಎಂದ.

ಆಗ ಅವನಿಗೆ ನಲವತ್ತರ ಆಸುಪಾಸು. ಕಪ್ಪು ಮೈ, ಕಿವಿಯವರೆಗೆ ಹೋದ ಮೀಸೆ, ತಲೆಗೆ ಮಾಸಿದ ಕೆಂಪು ರುಮಾಲು. ಸಣ್ಣವನಿದ್ದಾಗ ಸುರಪುರದಲ್ಲಿ ಸೋದರಮಾವನ ಮನೆಯಲ್ಲಿದ್ದು ಉರ್ದು ನಾಲ್ಕನೆಯ ಇಯತ್ತೆ ಮುಗಿಸಿದ್ದ. ಗಡ್ಡಿಯಲ್ಲಿ ಓದು ಬಂದವನು ಅವನೊಬ್ಬನೇ. ತಹಸೀಲದ ಕಾಗದ ಬಂದರೆ ಜನ ಹೊಳೆದಂಡೆಗೇ ಹಿಡಿದುಕೊಂಡು ಹೋಗುತ್ತಿದ್ದರಂತೆ. ಅವನು ಹುಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಓದಿ ಹೇಳುತ್ತಿದ್ದನಂತೆ. ನಾನು ಹೋದ ಮೇಲೆ ಕಾಗದಗಳು ಕನ್ನಡದಲ್ಲಿ ಬಂದವು, ಜನ ನನ್ನ ಮನೆಗೆ ಬಂದರು. ಒಂದು ಸಂಜೆ ನಾನೊಬ್ಬಳೇ ಪುಟ್ಟಿಯಲ್ಲಿದ್ದಾಗ ಸಾಬಣ್ಣ ಹುಟ್ಟು ಹಾಕುತ್ತ, ನೀರಿನ ಕಡೆ ನೋಡಿಕೊಂಡೇ ಹೇಳಿದ: “ನಿನ್ನಿ ತನಕ ನಾ ಓದಿದವ ಇದ್ದೆ ಅಕ್ಕೋರ. ಒಂದು ಮುಂಜಾನಿ ಎದ್ದು ನೋಡಿದರ ಹೆಬ್ಬೆಟ್ಟಿನವ ಆಗೇನಿ. ಇದರಾಗ ನಂದೇನು ತಪ್ಪದ?”

“ನಾಳಿಂದ ಸಾಲಿಗೆ ಬಾ” ಎಂದೆ. ಬಂದೇಬಿಟ್ಟ. ಮಧ್ಯಾಹ್ನ ಹೊಳೆಯಲ್ಲಿ ಜನ ಕಡಿಮೆಯಾದಾಗ ಬಂದು, ಮಕ್ಕಳ ಹಿಂದೆ ಗೋಡೆಗೊರಗಿ ಕೂಡುತ್ತಿದ್ದ.

ಇದನ್ನು ಸಹಿಸದವನು ಮಾನಪ್ಪ, ಸಾಬಣ್ಣನ ಹೆಂಡತಿಯ ತಮ್ಮ, ಇನ್ನೊಂದು ಪುಟ್ಟಿಯ ಅಂಬಿಗ. ಅಕ್ಕನ ಗಂಡನನ್ನು ‘ಮಾವ’ ಎಂದು ಕರೆಯುತ್ತಿದ್ದ. ಶಾಲೆಯ ಹೊಸ್ತಿಲು ತುಳಿದವನಲ್ಲ. ಇಬ್ಬರ ಪುಟ್ಟಿಗಳೂ ಹೊಳೆಯ ನಡುವೆ ಎದುರಾದರೆ ಸಾಕು, ಮಾತು ಶುರುವಾಗುತ್ತಿತ್ತು. ಒಂದು ದಿನ ಸಾಬಣ್ಣ ವ್ಯಾಕರಣದಲ್ಲಿ ಲಿಂಗದ ಪಾಠ ಕೇಳಿಕೊಂಡು ಬಂದಿದ್ದ.

“ಲೇ ಮಾನ್ಯಾ, ಉರ್ದೂದಾಗ ಕಲ್ಲು ಮಣ್ಣಿಗಿ ಸೈತ ಗಂಡು ಹೆಣ್ಣು ಅದಾವ. ಕನ್ನಡದಾಗ ಜೀವ ಇಲ್ಲದ್ದೆಲ್ಲಾ ಬರೇ ‘ಅದು’. ಭಾಳ ಸಸಾರ.”

“ಹಂಗಾರ ಉರ್ದೂದಾಗ ಪುಟ್ಟಿ ಏನು?”

“ಕಶ್ತೀ. ಹೆಣ್ಣು.”

“ಹೊಳಿ?”

“ದರಿಯಾ. ಗಂಡು.”

ಮಾನಪ್ಪ ಹುಟ್ಟು ಹಾಕುವುದನ್ನೇ ನಿಲ್ಲಿಸಿದ. “ವರ್ಷಾ ಉಡಿ ತುಂಬತೀವಲ್ಲ ಮಾವ, ಆ ಹೊಳೆವ್ವ ಗಂಡಸೇನು? ಇಂಥಾ ಸಾಲಿ ಕಲತು ನೀ ಕೆಟ್ಟಿ.”

ಪುಟ್ಟಿಯಲ್ಲಿದ್ದವರೆಲ್ಲ ನಕ್ಕರು. ಸಾಬಣ್ಣನೂ ನಕ್ಕ. ಆದರೆ ಮೀಸೆಯ ಮೇಲೆ ಕೈಯಿಟ್ಟು, ದೊಡ್ಡವರಿಗೆಂದು ಹೊಸದಾಗಿ ಇಟ್ಟಿದ್ದ ಕನ್ನಡ ನಾಲ್ಕನೆಯ ಇಯತ್ತೆ ಪರೀಕ್ಷೆಗೆ ತಾನು ಕೂಡುವುದಾಗಿಯೂ ಪಾಸಾಗುವುದಾಗಿಯೂ ಅಲ್ಲೇ ಸಾರಿದ. ಪಂದ್ಯ ಬಿತ್ತು. ಪಾಸಾದರೆ ಚಳಿಗಾಲ ಮುಗಿಯುವ ತನಕ ನಸುಕಿಗೇ ಎದ್ದು ಜನರನ್ನು ದಾಟಿಸುವ ಮೊದಲ ಖೇಪು ಮಾನಪ್ಪನ ತಲೆಗೆ. ನಪಾಸಾದರೆ ಸಾಬಣ್ಣನ ಮೀಸೆ ಹೋಗಬೇಕು.

ಅಂದಿನಿಂದ ಅವನ ಪುಟ್ಟಿಯಲ್ಲಿ ಕೂತವರಿಗೆ ವ್ಯಾಕರಣ ತಪ್ಪಲಿಲ್ಲ. ಹುಟ್ಟಿನ ಪೆಟ್ಟಿಗೊಂದು ವಿಭಕ್ತಿ ಪ್ರತ್ಯಯ: ಉ, ಅನ್ನು, ಇಂದ, ಗೆ. ಐದನೆಯದಕ್ಕೆ ಬಂದರೆ ನಿಂತುಬಿಡುತ್ತಿದ್ದ. ಪಂಚಮಿಯ ‘ದೆಸೆಯಿಂದ’ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. “ಹೊಳಿಂದ ಬಂದೆ ಅಂತೀವಿ, ಹೊಳೆಯ ದೆಸೆಯಿಂದ ಬಂದೆ ಅಂತ ನಮ್ಮ ಕಡಿ ಯಾರಂತಾರ್ರಿ?” ಎಂದು ನನ್ನ ಜೊತೆ ಜಗಳಕ್ಕೆ ನಿಲ್ಲುವನು. ನಮ್ಮ ಕಡೆಯೂ ಯಾರೂ ಹಾಗೆ ಅನ್ನುವುದಿಲ್ಲ. ಆದರೆ ಪುಸ್ತಕದಲ್ಲಿದೆ, ಬರೆಯಲೇಬೇಕು ಎಂದು ಹೇಳಿದೆ. “ಮಾತಾಡಾಕ ಒಂದು, ಬರಿಯಾಕ ಒಂದು. ಸರಕಾರ ಬದಲಾದರೂ ಇದು ಬದಲಾಗಲಿಲ್ಲ ನೋಡ್ರಿ” ಎಂದು ಗೊಣಗುತ್ತ ಮತ್ತೆ ‘ಉ’ದಿಂದ ಸುರು ಮಾಡುತ್ತಿದ್ದ.

ಒಂದು ಸಲ ಆಡು ಮೇಯಿಸುವ ಮುದುಕಿಯೊಬ್ಬಳು ತನ್ನ ಆಡುಗಳನ್ನು ಅವನ ಪುಟ್ಟಿಗೆ ಹತ್ತಿಸಿದಳು. ಸಾಬಣ್ಣ ಪುಸ್ತಕವನ್ನು ಕಾಲ ಬಳಿ ಬಿಚ್ಚಿಟ್ಟು ಬಾಯಿಪಾಠ ಮಾಡುತ್ತಿದ್ದ. ದಂಡೆಗೆ ಬಂದು ನೋಡಿದರೆ ಸಂಧಿಯ ಪಾಠವಿದ್ದ ಹಾಳೆ ಆಡಿನ ಬಾಯಲ್ಲಿ. ಮುದುಕಿ ಗಾಬರಿಯಾಗಿ ನನ್ನ ಹತ್ತಿರ ಓಡಿಬಂದಳು: “ಸಂಧಿ ತಿಂದರ ಆಡಿನ ಹೊಟ್ಟಿ ನೋಯತದೇನ್ರಿ ಅಕ್ಕೋರ?” ಹಿಂದೆಯೇ ಮಾನಪ್ಪ ಬಂದ. “ಇನ್ನ ಮಾವನ ಬದಲಿ ಇದನ್ನ ಪರೀಕ್ಷಾಕ್ಕ ಕೂಡಸ್ರಿ. ಮೀಸಿ ಬದಲಿ ಗಡ್ಡನೂ ಅದ ಇದಕ್ಕ” ಎಂದ. ಆ ಹಾಳೆಯನ್ನು ನಾನು ಕೈಯಿಂದ ಬರೆದುಕೊಟ್ಟೆ. ಸಾಬಣ್ಣ ಅದನ್ನು ರುಮಾಲಿನೊಳಗೆ ಸಿಕ್ಕಿಸಿಕೊಂಡು ಓಡಾಡಿದ.

ಎಲ್ಲ ವ್ಯವಸ್ಥೆ ತಲೆಕೆಳಗಾಗಿದ್ದ ಆ ವರ್ಷ ದೊಡ್ಡವರ ಪರೀಕ್ಷೆ ಶ್ರಾವಣಕ್ಕೆ ಬಂತು, ಅದೂ ಕಕ್ಕೇರಾದಲ್ಲಿ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಹಿಂದಿನ ದಿನವೇ ಯಾರೂ ದಾಟಿರಲಿಲ್ಲ. ಅಂಥ ನೀರಿಗೆ ಒಂದು ಹುಟ್ಟು ಸಾಲದು, ಎರಡು ಬೇಕು. ಮುಂಜಾನೆ ನಾನು ದಂಡೆಗೆ ಹೋದಾಗ ಸಾಬಣ್ಣ ಒಗೆದ ಅಂಗಿ ಹಾಕಿಕೊಂಡು ಪುಟ್ಟಿಯ ಪಕ್ಕ ಸುಮ್ಮನೆ ಕೂತಿದ್ದ. ಮಾನಪ್ಪನನ್ನು ಕರೆಯಲು ಅವನಿಗೆ ಬಾಯಿ ಬರುತ್ತಿಲ್ಲ ಎಂದು ನನಗೆ ತಿಳಿಯಿತು. ಈ ದಂಡೆಯಲ್ಲೇ ಕೂತರೆ ಮಾನಪ್ಪ ಗೆದ್ದಂತೆ.

ಆಗ ಮಾನಪ್ಪ ತನ್ನ ಹುಟ್ಟು ಹೊತ್ತುಕೊಂಡು ಬಂದ. ಬಂದವನೇ ಪುಟ್ಟಿಯನ್ನು ನೀರಿಗೆ ನೂಕಿದ.

“ಏಳು ಮಾವ. ಮನ್ಯಾಗ ಕುಂತು ನಪಾಸಾದರ ನಾ ಗೆದ್ದಂಗ ಹೆಂಗಾಯ್ತು? ಅಲ್ಲಿ ಹೋಗಿ, ಬರದು, ನಪಾಸಾಗು.”

“ನೀರು ಭಾಳ ಅದಲೇ.”

“ನೀರು ನನಗೂ ಕಾಣತದ.”

ನನ್ನನ್ನು ಬರಬೇಡಿ ಎಂದರು. ನಾನು ಕೇಳಲಿಲ್ಲ. ಪಾಟಿ ಕೊಟ್ಟವಳು ನಾನು, ದಂಡೆಯಲ್ಲಿ ಹೇಗೆ ನಿಲ್ಲಲಿ? ಮೇಲಿನಿಂದ ಪುಟ್ಟಿ ಬಿಟ್ಟು, ಸೆಳವಿನ ಜೊತೆ ಓರೆಯಾಗಿ ಇಳಿಯುತ್ತ ದಾಟಬೇಕಿತ್ತು. ನಡುಹೊಳೆಯಲ್ಲಿ ಒಂದು ಸುಳಿ ಪುಟ್ಟಿಯ ಅಂಚು ಹಿಡಿಯಿತು. ನಾವು ಗರಗರ ತಿರುಗಿದೆವು. ಇಬ್ಬರ ಹುಟ್ಟುಗಳೂ ಒಂದಕ್ಕೊಂದು ತಾಳ ತಪ್ಪಿದವು. ನಾನು ಪುಟ್ಟಿಯ ಕಟ್ಟು ಬಿಗಿಯಾಗಿ ಹಿಡಿದುಕೊಂಡೆ.

“ವಿಭಕ್ತಿ ಹೇಳು ಮಾವ” ಎಂದ ಮಾನಪ್ಪ. “ಅದರ ಮ್ಯಾಲೆ ಹಾಕೋಣು.”

“ಉ” ಎಂದ ಸಾಬಣ್ಣ. ಎರಡೂ ಹುಟ್ಟು ಒಟ್ಟಿಗೆ ಬಿದ್ದವು. “ಅನ್ನು. ಇಂದ. ಗೆ.” ಪುಟ್ಟಿ ತಿರುಗುವುದು ನಿಧಾನವಾಯಿತು. ಐದನೆಯದು ಬರಲಿಲ್ಲ. ಸಾಬಣ್ಣನ ಹುಟ್ಟು ಗಾಳಿಯಲ್ಲೇ ನಿಂತಿತ್ತು.

“ದೆಸೆಯಿಂದ, ದೆಸೆಯಿಂದ. ಹಾಕೋ ಮಾರಾಯಾ” ಎಂದು ಮಾನಪ್ಪ ಕೂಗಿದ. ಇಬ್ಬರೂ ಬೆನ್ನು ಬಗ್ಗಿಸಿ ಎಳೆದರು, ಸುಳಿ ನಮ್ಮನ್ನು ಬಿಟ್ಟಿತು. ಷಷ್ಠಿ, ಸಪ್ತಮಿಯನ್ನು ಇಬ್ಬರೂ ಕೂಡಿ ಹೇಳಿದರು. ಹತ್ತಿಪ್ಪತ್ತು ಸಲ ‘ಉ’ದಿಂದ ‘ಅಲ್ಲಿ’ ತನಕ ಹೇಳುವಷ್ಟರಲ್ಲಿ ಆಚೆ ದಂಡೆಯ ಜಾಲಿಗಿಡ ಕೈಗೆ ಸಿಕ್ಕಿತು. ಕೆಳಗಿಳಿದ ಮೇಲೆ ಸಾಬಣ್ಣ ಕೇಳಿದ್ದು ಒಂದೇ ಮಾತು: “ನಿನಗ ಹೆಂಗ ಬಂತಲೇ?”

“ದಿನಾ ಒದರತಿ. ಕಿವಿ ಮುಚ್ಚಿಕೊಂಡು ಹುಟ್ಟು ಹಾಕಾಕ ಬರತದೇನು?”

ಪರೀಕ್ಷೆ ಮುಗಿಯುವ ತನಕ ಮಾನಪ್ಪ ಶಾಲೆಯ ಕಿಟಕಿಯ ಹೊರಗೆ ತೊಯ್ದ ಬಟ್ಟೆಯಲ್ಲೇ ಕೂತಿದ್ದ. ತನ್ನ ಕೈ ಉರ್ದುವಿನ ಹಳೆಯ ರೂಢಿಗೆ ಹಾಳೆಯ ಬಲಗಡೆ ಹೋದಾಗ ಹೊರಗಿನಿಂದ ಯಾರೋ ಕೆಮ್ಮಿದ್ದು ಕೇಳಿತು ಎಂದು ಆಮೇಲೆ ಸಾಬಣ್ಣ ಹೇಳಿದ. ಮಾನಪ್ಪ ಒಪ್ಪಲಿಲ್ಲ. ತನಗೆ ನೆಗಡಿ ಆಗಿತ್ತು ಎಂದ.

ಸಾಬಣ್ಣ ಪಾಸಾದ. ಮಾನಪ್ಪ ಆ ಚಳಿಗಾಲವೆಲ್ಲ ನಸುಕಿನ ಖೇಪು ಹೊಡೆದ. ನಾನು ಒಮ್ಮೆ ಸುರಪುರಕ್ಕೆ ಹೋಗಲೆಂದು ಆ ಹೊತ್ತಿಗೆ ದಂಡೆಗೆ ಬಂದೆ. ನೋಡಿದರೆ ಪುಟ್ಟಿಯಲ್ಲಿ ಕಂಬಳಿ ಹೊದ್ದು ಸಾಬಣ್ಣನೂ ಕೂತಿದ್ದ. ಗೆದ್ದವನು ಹಾಸಿಗೆಯಲ್ಲಿರಬೇಕಲ್ಲ ಎಂದೆ. “ಬೆಚ್ಚಗ ಮಲಗಿದರ ಇವ ಚಳಿಯಾಗ ಒಬ್ಬನ ಆಗತಾನ್ರಿ” ಎಂದ. ಬೆಳಕು ಹರಿಯುತ್ತಲೇ ಎಂದಿನದೋ ಪೇಪರು ತೆಗೆದು ಎಡದಿಂದ ಬಲಕ್ಕೆ ಬೆರಳಿಟ್ಟು ಗಟ್ಟಿಯಾಗಿ ಓದತೊಡಗಿದ. “ಇದರಕಿಂತ ಒಂದು ಹುಟ್ಟು ಹಾಕಿದ್ದರ ಚಲೋ ಇತ್ತು” ಎಂದ ಮಾನಪ್ಪ. ಆದರೆ ಸುದ್ದಿ ಅರ್ಧಕ್ಕೆ ನಿಂತಾಗ “ಮುಂದೇನಾತು?” ಎಂದು ಕೇಳಿದವನೂ ಅವನೇ.

ಕೆಲವು ವರ್ಷಕ್ಕೆ ನನಗೆ ಶಹಾಪುರಕ್ಕೆ ವರ್ಗವಾಯಿತು. ಸಾಬಣ್ಣ ನನ್ನನ್ನೂ ತಾಯಿಯನ್ನೂ ದಾಟಿಸಿ, ಟ್ರಂಕು ಹೊತ್ತು ಬಸ್ಸಿನ ತನಕ ಬಂದ. ದಾರಿಯುದ್ದಕ್ಕೂ ತಾಯಿಯ ಜೊತೆ ಮಾತಾಡಿದ, ನನ್ನ ಜೊತೆ ಆಡಲಿಲ್ಲ. ಬಸ್ಸು ಹೊರಟಾಗ “ಬರ್ರಿ ಅಕ್ಕೋರ” ಎಂದಷ್ಟೇ ಅಂದ. ಅವನನ್ನು ನೋಡಿದ್ದು ಅದೇ ಕೊನೆ.

ಬಹಳ ವರ್ಷಗಳ ಮೇಲೆ, ನಾನು ನಿವೃತ್ತಳಾಗಿ ಶಹಾಪುರದಲ್ಲೇ ಇದ್ದಾಗ, ಒಂದು ಮಧ್ಯಾಹ್ನ ಮಾನಪ್ಪ ಮನೆ ಹುಡುಕಿಕೊಂಡು ಬಂದ. ಕೂದಲು ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಕೂತು, “ಮಾವ ಹೋದ್ರಿ ಅಕ್ಕೋರ, ಸುಗ್ಗಿ ಮುಂದ. ಮಲಗಿದ್ದವ ಏಳಲಿಲ್ಲ” ಎಂದ. ನಾನು ಚಹಾ ತಂದುಕೊಟ್ಟೆ. ಅವನು ಮೆಲ್ಲಗೆ ಸಾಬಣ್ಣನ ಸುದ್ದಿ ಹೇಳತೊಡಗಿದ. ಮಾವ ಮೊಮ್ಮಕ್ಕಳಿಗೆ ಪಾಟಿ ಹಿಡಿಸ್ಯಾನ. ಮಾವ ನನ್ನ ಮಾತು ಕೇಳಂಗಿಲ್ಲ. ಮಾವ ಹೊಸಾ ಪುಟ್ಟಿಗಿ ಬಿದಿರು ಸರಿ ಇಲ್ಲಂತಾನ. ಹೇಳುತ್ತಿದ್ದುದೆಲ್ಲ ವರ್ತಮಾನಕಾಲದಲ್ಲಿತ್ತು. ಬದುಕಿಡೀ ಕಾಲಗಳನ್ನು ತಿದ್ದಿದವಳು ನಾನು. ಅವತ್ತು ತಿದ್ದಲಿಲ್ಲ.

“ಇನ್ನೂ ನಿನ್ನ ಜೋಡಿ ಜಗಳ ಆಡತಾನೇನು?” ಎಂದು ಕೇಳಿದೆ.

“ದಿನಾ ಆಡತಾನ್ರಿ” ಎಂದ ಮಾನಪ್ಪ, ಮತ್ತು ಚಹಾದ ಬಸಿ ಕೆಳಗಿಟ್ಟ.