ನೇರಳೆಮರದ ಸ್ಟಾಪ್

ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ಎಂಟೂವರೆಯ ಬಸ್ಸನ್ನು ನಾನು ಬೈದಷ್ಟು ಇನ್ಯಾರೂ ಬೈದಿರಲಿಕ್ಕಿಲ್ಲ. ಹನ್ನೊಂದು ವರ್ಷ ಅದರಲ್ಲೇ ಆಫೀಸಿಗೆ ಹೋದೆ. ಕಂಡಕಂಡಲ್ಲಿ ನಿಲ್ಲುತ್ತಿತ್ತು. ಯಾರದೋ ಮೊಸರಿನ ಪಾತ್ರೆ, ಯಾರದೋ ಮಾತ್ರೆ ಚೀಟಿ, ಎಲ್ಲಕ್ಕೂ ಒಂದು ಬ್ರೇಕು.

ಅರ್ಧ ದಾರಿಯಲ್ಲಿ, ನೇರಳೆಮರದ ಸ್ಟಾಪಿನಲ್ಲಿ ಅವಳು ಹತ್ತುತ್ತಿದ್ದಳು. ಪೇಟೆಯಲ್ಲಿ ಯಾರದೋ ಮನೆಯ ಅಡುಗೆ ಕೆಲಸ. ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಜಾಗ ಹಿಡಿದಿಡುವುದು ನನ್ನ ಪಾಲಿನದು. ಅದಕ್ಕಾಗಿ ಎಷ್ಟು ಜನರ ಹತ್ತಿರ ಜಗಳ ಕಾದಿದ್ದೇನೋ. ಕೂತ ಕೂಡಲೇ ನಿನ್ನೆ ಬಿಟ್ಟಲ್ಲಿಂದ ಮಾತು ಶುರು. ಅವಳ ಮಂಡಿನೋವು, ಮಗಳ ಹಟ ಎಲ್ಲ ನನಗೆ ಗೊತ್ತು. ಗಂಡ ತೀರಿಕೊಂಡ ಮೇಲೆ ನಾನು ಮೊದಲ ಸಲ ಬಸ್ಸು ಹತ್ತಿದ ದಿನ, ಅವಳು ಏನೂ ಕೇಳದೆ ಕೊನೆಯ ಸ್ಟಾಪಿನವರೆಗೂ ನನ್ನ ಕೈ ಹಿಡಿದು ಕೂತಿದ್ದಳು. ಹೆಸರು ಮಾತ್ರ ಇಬ್ಬರೂ ಕೇಳಿಕೊಳ್ಳಲಿಲ್ಲ. ಮೊದಮೊದಲು ಮರೆತೆವು, ಆಮೇಲೆ ಕೇಳಲು ನಾಚಿಕೆ. ಫೋನ್ ನಂಬರು ಯಾಕೆ ಬೇಕು, ನಾಳೆ ಸಿಕ್ಕೇ ಸಿಗುತ್ತೇವಲ್ಲ.

ಅಷ್ಟರಲ್ಲಿ ಆಟೊದವರ ನಂಬರು ಎಲ್ಲರ ಫೋನಿಗೂ ಬಂತು. ಮೈಸೂರಿನಲ್ಲಿ ನನ್ನ ತಂಗಿ ಫೋನ್ ಒತ್ತಿ ಕಾರು ಕರೆಸುವ ಹಾಗೆ, ನಾವೂ ಮನೆ ಬಾಗಿಲಿಗೇ ಆಟೊ ಕರೆಸತೊಡಗಿದೆವು. ತಡವಾದರೆ ಆಟೊ, ಸೋಮಾರಿತನಕ್ಕೂ ಆಟೊ. ನಾನೂ ಹೋದೆ, ಸುಳ್ಳು ಯಾಕೆ ಹೇಳಲಿ? ಜನವೇ ಇಲ್ಲವೆಂದು ಜೂನ್ ತಿಂಗಳಲ್ಲಿ ಬಸ್ಸಿನವರು ಆ ಟ್ರಿಪ್ಪನ್ನೇ ನಿಲ್ಲಿಸಿದರು. ಅವಳೂ ಆಟೊ ಮಾಡಿಕೊಂಡಿರುತ್ತಾಳೆ ಎಂದುಕೊಂಡೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಅವಳನ್ನು ನೋಡದೆ ಜೀವಕ್ಕೆ ಸಮಾಧಾನವಿಲ್ಲದಾಯಿತು. ಹಳೆಯ ಕಂಡಕ್ಟರನ್ನು ಹುಡುಕಿ ಕೇಳಿದೆ. ಅವನಿಗೂ ಅವಳು 'ನೇರಳೆಮರ' ಅಷ್ಟೇ.

ಒಂದು ಭಾನುವಾರ ಆಟೊ ಕರೆಸಿ ನೇರಳೆಮರದ ಕಡೆ ಹೊರಟೆ.

"ಯಾರ ಮನೆ ಅಕ್ಕಾ? ಹೇಳಿ, ಅಂಗಳಕ್ಕೇ ಬಿಡ್ತೀನಿ" ಎಂದ ಆಟೊದವನು.

ಕರೆದಾಗ ಬರುವ ಗಾಡಿ ಹೇಳಿದಲ್ಲಿಗೆ ಹೋಗುತ್ತದೆ. ಎಲ್ಲಿಗೆಂದು ಗೊತ್ತಿಲ್ಲದವಳು ಏನು ಹೇಳಲಿ? ಸ್ಟಾಪಿನಲ್ಲೇ ಇಳಿದು, ಎದುರಿನ ಸಣ್ಣ ಅಂಗಡಿಯ ಹೆಂಗಸಿಗೆ ಅವಳ ಎತ್ತರ, ನಡಿಗೆ, ಮಂಡಿನೋವು ಎಲ್ಲ ವರ್ಣಿಸಿದೆ. ಆಕೆಗೆ ಗುರುತು ಸಿಕ್ಕಿತು. ರಸ್ತೆಯಿಂದ ಸ್ವಲ್ಪ ಒಳಗೆ, ಬಾಡಿಗೆ ಮನೆಯಲ್ಲಿದ್ದರಂತೆ. ದಿನಾ ಆಟೊಕ್ಕೆ ಕೊಟ್ಟು ಪೂರೈಸದೆ ಕೆಲಸ ಬಿಟ್ಟು, ಮನೆ ಖಾಲಿ ಮಾಡಿದ್ದರು. ಎಲ್ಲಿಗೆ ಹೋದರೆಂದು ಆಕೆಗೆ ತಿಳಿಯದು.

"ಬಸ್ ನಿಂತ ಮೇಲೂ ಒಂದು ವಾರ ಇಲ್ಲೇ ಬಂದು ನಿಲ್ತಿದ್ರು" ಎಂದಳು. "ಬಸ್ಸಿಲ್ಲ ಮಾರಾಯ್ರೆ ಅಂದ್ರೆ, 'ಗೊತ್ತು, ನನ್ನ ಜೊತೆಯವ್ರು ಹೆಂಗೂ ಈ ದಾರೀಲೇ ಹೋಗ್ಬೇಕಲ್ಲ, ನನ್ನ ಕಂಡ್ರೆ ನಿಲ್ಲಿಸ್ತಾರೆ' ಅಂತಿದ್ರು."

ಆ ವಾರ ಪೂರ್ತಿ ಮಳೆ ಹಿಡಿದಿತ್ತು. ಆಟೊದ ಎರಡೂ ಕಡೆ ಪರದೆ ಇಳಿಸಿಕೊಂಡು, ಸೀರೆ ಒದ್ದೆಯಾಗಲಿಲ್ಲವಲ್ಲ ಎಂದು ಖುಷಿಪಡುತ್ತ, ನಾನು ದಿನಾ ಅವಳ ಎದುರಿನಿಂದಲೇ ಹೋಗಿದ್ದೆ.