ಸದ್ದಿಲ್ಲದ ಟಿಚ್ ಬಟನ್

ಸ್ಟೋರಕ್ಕನ ಬಲಗಿವಿಯಲ್ಲಿ ಮಾತ್ರ ಜುಮಕಿ ಇರುತ್ತಿತ್ತು. ಎಡಗಿವಿ ಬರಿದು, ತೂತು ಮಾತ್ರ ಕಾಣುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಎರಡೂ ಇರುತ್ತಿದ್ದವು. ಸ್ಟೋರಿನ ಬೀಗ ತೆಗೆದು, ಎಡಗಡೆಯದನ್ನು ಬಿಚ್ಚಿ ಕೀಲಿ ನೇತುಹಾಕುವ ಮೊಳೆಗೆ ಸಿಕ್ಕಿಸಿದ ಮೇಲೆಯೇ ಅವರು ಕುರ್ಚಿಯಲ್ಲಿ ಕೂರುತ್ತಿದ್ದುದು. ಹೊಸಬರು ಯಾರಾದರೂ ಒಂದು ಜುಮಕಿ ಕಳೆದಿದೆ ಎಂದು ಗಾಬರಿಯಾಗಿ ಹೇಳಿದರೆ, “ಕಳದಿಲ್ಲಪ್ಪ, ರಜಾ ಮ್ಯಾಲ ಐತಿ” ಅನ್ನುತ್ತಿದ್ದರು.

ಬಾಲಾನಗರದ ಒಂದು ಸಣ್ಣ ಕಾರ್ಖಾನೆ ನಮ್ಮದು. ಪಂಪುಗಳಿಗೆ ಬೇಕಾದ ಉಕ್ಕಿನ ಶಾಫ್ಟು ಮಾಡುತ್ತೇವೆ. ಅಲ್ಲಿಯ ಉಪಕರಣಗಳ ಸ್ಟೋರು ಅವರ ರಾಜ್ಯ. ಲಿಂಗಸುಗೂರು ಕಡೆಯವರು. ಕನ್ನಡದವರು, ತೆಲುಗಿನವರು, ಬಿಹಾರದಿಂದ ಬಂದವರು, ಎಲ್ಲರಿಗೂ ಅವರು ಸ್ಟೋರಕ್ಕನೇ. ಹರಿದ ಕೈಗವಸಿನ ಬದಲಿಗೆ ಹೊಸದು ಕೇಳಲು ಹೋದರೆ ಮೊದಲ ಮಾತು, “ಹಳೇದು ತಂದು ತೋರಸು.” ಮ್ಯಾನೇಜರೇ ಬಂದರೂ ಅದೇ ಮಾತು. ಊಟವಾದ ಮೇಲೆ ಹತ್ತು ನಿಮಿಷ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದರು, ಆಗ ಯಾರೂ ಏನೂ ಕೇಳುವಂತಿರಲಿಲ್ಲ.

ಜುಮಕಿಯ ರಜೆಗೆ ಕಾರಣವಿತ್ತು. ಉಕ್ಕು ತೇಯುವ ಸಾಣೆ ಚಕ್ರಗಳು ಕಲ್ಲಿನ ದುಂಡು ಬಿಲ್ಲೆಗಳು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ವೇಗವಾಗಿ ತಿರುಗುವಾಗ ಒಡೆದು ಚೂರು ಎದುರಿಗೆ ನಿಂತವನ ಎದೆಗೆ ನುಗ್ಗುತ್ತದೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಕೇಳುತ್ತದೆ. ಸ್ಟೋರಕ್ಕ ಚಕ್ರದ ನಡುವಿನ ತೂತಿಗೆ ಬೆರಳು ಹಾಕಿ ನೇತಾಡಿಸಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ, ಎಡಗಿವಿ ಹತ್ತಿರ ಒಯ್ಯುತ್ತಿದ್ದರು. ಗಟ್ಟಿ ಚಕ್ರ ಠಣ್ ಅನ್ನುತ್ತದೆ. ಬಿರುಕು ಬಿಟ್ಟದ್ದು ಮಡಕೆ ಚೂರಿನ ಹಾಗೆ ಥಪ್ ಅನ್ನುತ್ತದೆ. ಆ ಹೊತ್ತಿನಲ್ಲಿ ಜುಮಕಿ ಕಿಣಿಕಿಣಿ ಅಂದರೆ ಒಬ್ಬನ ಜೀವಕ್ಕೆ ಸಂಚಕಾರ.

ಅಂಥವರ ಪಕ್ಕಕ್ಕೆ ನನ್ನನ್ನು ತಂದು ಕೂರಿಸಿದ್ದರು.

ನನ್ನ ಕೈ ಸುಮ್ಮನಿರುವುದಿಲ್ಲ. ಚಿಕ್ಕಂದಿನಿಂದಲೂ ಹೀಗೆಯೇ. ಪೆನ್ನು ಸಿಕ್ಕರೆ ಟಿಕ್ ಟಿಕ್ ಒತ್ತುತ್ತೇನೆ, ಸಿಗದಿದ್ದರೆ ಹೆಬ್ಬೆರಳಿನ ಉಗುರಿನಿಂದ ನಡುಬೆರಳಿನ ಉಗುರನ್ನು ಚಿಮ್ಮಿಸುತ್ತೇನೆ. ಅದು ನಿಂತರೆ ನನ್ನ ತಲೆಯೊಳಗೆ ಗದ್ದಲ ಶುರುವಾಗುತ್ತದೆ, ಎದುರಿಗಿದ್ದವರ ಮಾತೂ ತಲೆಗೆ ಹೋಗುವುದಿಲ್ಲ. ಇದು ಆಟಿಸಂ ಎಂದು ವೈದ್ಯರೊಬ್ಬರು ಹೇಳಿದ್ದು ನನಗೆ ಮೂವತ್ತು ದಾಟಿದ ಮೇಲೆ. ಅದಕ್ಕೆ ಮುಂಚೆ ಉಳಿದವರು ಬೇಕಾದಷ್ಟು ಹೆಸರಿಟ್ಟಿದ್ದರು. ಐದನೇ ತರಗತಿಯಲ್ಲಿ ಟೀಚರೊಬ್ಬರು ನನ್ನದೇ ಜಡೆಯ ರಿಬ್ಬನ್ ಬಿಚ್ಚಿ ನನ್ನ ಎರಡೂ ಕೈ ಕಟ್ಟಿದ್ದರು. ನೆಂಟರು ಬಂದಾಗ ಚಿಕ್ಕಮ್ಮ ನನ್ನನ್ನು ಕೈ ತೊಡೆಯಡಿಗೆ ಹಾಕಿಕೊಂಡು ಕೂರಲು ಹೇಳುತ್ತಿದ್ದಳು. ಡಿಪ್ಲೊಮಾ ಮುಗಿಸಿ ರಾಯಚೂರಿನಿಂದ ಬಂದು ಇದೇ ಊರಿನ ಉಪ್ಪಲ್‌ನ ಒಂದು ಕಚೇರಿ ಸೇರಿದೆ. ಪಕ್ಕದವರಿಗೆ ತಲೆನೋವು ಬರುತ್ತದೆಂದು ಮೂರೇ ತಿಂಗಳಿಗೆ ಮನೆಗೆ ಕಳಿಸಿದರು. ಬಾಲಾನಗರದಲ್ಲಿ ಶಾಫ್ಟುಗಳ ಅಳತೆ ನೋಡುವ ಈ ಕೆಲಸವೂ ಹೋದರೆ ಮತ್ತೆ ಚಿಕ್ಕಮ್ಮನ ಮನೆ, ಮತ್ತೆ ತೊಡೆಯಡಿಯ ಕೈ.

ನನ್ನ ಮೇಜಿಗೂ ಸ್ಟೋರಿಗೂ ನಡುವೆ ಬರೀ ತಂತಿಯ ಜಾಲರಿ. ಎರಡನೇ ದಿನವೇ ಜಾಲರಿಯ ಆಚೆಯಿಂದ ದನಿ ಬಂತು. “ಏನವ್ವ, ಒಂದೈದು ನಿಮಿಷ ಆ ಪೆನ್ನು ಕೆಳಗಿಡ್ತೀಯೇನು? ಕಲ್ಲು ಏನು ಹೇಳಾಕತ್ತೈತಿ ಅಂತ ನನಗ ಕೇಳವಲ್ದು.”

ಪೆನ್ನು ಕೆಳಗಿಟ್ಟೆ. ಅರ್ಧ ನಿಮಿಷದಲ್ಲಿ ಉಗುರು ಶುರುವಾಯಿತು. ಸ್ಟೋರಕ್ಕ ಎದ್ದು ಹೊರಗೆ ಬಂದರು, ಬೆರಳಲ್ಲಿ ಚಕ್ರ ನೇತಾಡುತ್ತಲೇ ಇತ್ತು.

“ನಿಲ್ಲಸಾಕ ಬರಂಗಿಲ್ರಿ ನನಗ,” ಎಂದೆ. “ಮ್ಯಾನೇಜರಿಗೆ ಹೇಳ್ತೀರೇನ್ರಿ?”

“ಅವಗ ಹೇಳಿ ಏನಾಗೂದೈತಿ? ಸಾಮಾನ ಇರೂದು ನನ್ನ ಹತ್ರ.” ಆಮೇಲೆ ಎರಡು ಚಕ್ರಗಳನ್ನು ತಟ್ಟಿ, ಎರಡರ ಸದ್ದನ್ನೂ ನನಗೆ ಕೇಳಿಸಿದರು. ಒಂದು ಕೆಟ್ಟದ್ದು. “ನಿನ್ನ ಪೆನ್ನಿನ ಸದ್ದಿನಾಗ ಇವೆರಡೂ ಒಂದ ಆಗ್ತಾವು. ನಿನ್ನ ಕೈ ನಿಲ್ಲೂದು ನನಗ ಬ್ಯಾಡ. ಸದ್ದಷ್ಟ ನಿಲ್ಲಬೇಕು. ಎರಡೂ ಬ್ಯಾರೆ ಬ್ಯಾರೆ.”

ಅಷ್ಟು ವರ್ಷದಲ್ಲಿ ನನ್ನ ಕೈಯನ್ನೂ ಅದರ ಸದ್ದನ್ನೂ ಬೇರೆ ಮಾಡಿ ನೋಡಿದವರು ಅವರೊಬ್ಬರೇ. ಶೌಚಾಲಯಕ್ಕೆ ಹೋಗಿ ಅತ್ತು ಬಂದೆ.

ಅಲ್ಲಿಂದ ಹುಡುಕಾಟ ಶುರುವಾಯಿತು. ಸ್ಟೋರಿನ ಗೂಡುಗಳಿಂದ ದಿನಕ್ಕೊಂದು ವಸ್ತು ಜಾಲರಿಯ ಕಿಂಡಿಯಿಂದ ನನ್ನ ಮೇಜಿಗೆ ಬರುತ್ತಿತ್ತು. ಮೊದಲು ಬಾಲ್ ಬೇರಿಂಗು, ಅದು ಗುಂಯ್ ಅಂದಿತು. ಆಮೇಲೆ ಸ್ಪ್ರಿಂಗು, ಅದು ಇನ್ನೂ ಕೆಟ್ಟದಾಗಿ ಹಾಡಿತು. ರಬ್ಬರಿನ ಉಂಗುರಕ್ಕೆ ಸದ್ದಿರಲಿಲ್ಲ, ಆದರೆ ಮೂರನೇ ದಿನ ನನ್ನ ಬೆರಳಿನಿಂದ ಹಾರಿ ಮ್ಯಾನೇಜರರ ಚಹಾದಲ್ಲಿ ಬಿತ್ತು. ಬೋಲ್ಟಿಗೆ ಎಣ್ಣೆ ಹಚ್ಚಿ, ನಟ್ಟನ್ನು ಏರಿಸಿ ಇಳಿಸಿ ನೋಡಿದೆವು. ನಿಶ್ಶಬ್ದವೇನೋ ಹೌದು, ಆದರೆ ಎಣ್ಣೆಗೈಯಲ್ಲಿ ಮುಟ್ಟಿದ ಶಾಫ್ಟಿನ ಅಳತೆ ಏರುಪೇರಾಯಿತು, ಬೈಗುಳ ತಿಂದೆ. ಬೈದವರು ಸ್ಟೋರಕ್ಕನೇ. ಬೋಲ್ಟು ಕೊಟ್ಟವರೂ ಅವರೇ ಎಂದು ಅವರಿಗೆ ನೆನಪಿಸುವ ಧೈರ್ಯ ಯಾರಿಗಿತ್ತು?

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್‌ಗೆ ಹೋದ ಸ್ಟೋರಕ್ಕ ಒಂದು ಚೀಲ ಆಟಿಕೆ ತಂದರು. ಬೆರಳಲ್ಲಿ ತಿರುಗಿಸುವ ಚಕ್ರ, ಗುಳ್ಳೆ ಒತ್ತುವ ರಬ್ಬರ್ ತಟ್ಟೆ, ಹಿಸುಕುವ ಚೆಂಡು. ಒಂದೊಂದನ್ನೂ ನನ್ನ ಕೈಗೆ ಕೊಟ್ಟು, ಸಾಣೆ ಚಕ್ರಕ್ಕೆ ಮಾಡುವ ಹಾಗೆಯೇ ಎಡಗಿವಿ ಬಗ್ಗಿಸಿ ಕೇಳುತ್ತಿದ್ದರು. “ನಾಪಾಸು.” ಮುಂದಿನದು. “ಇದೂ ನಾಪಾಸು.” ಹಿಸುಕುವ ಚೆಂಡು ಪಾಸಾಯಿತು, ಎರಡು ದಿನಕ್ಕೆ ಒಡೆದು ಮೇಜಿನ ತುಂಬ ಹಿಟ್ಟು ಚೆಲ್ಲಿತು.

ಕೊನೆಗೆ ಸಿಕ್ಕಿದ್ದು ಎರಡು ಸಣ್ಣ ಆಯಸ್ಕಾಂತ. ಬಟ್ಟೆ ಸುತ್ತಿ ಎಳೆದು ಬಿಟ್ಟರೆ ಒಂದಕ್ಕೊಂದು ಬಂದು ಹತ್ತುವ ಆ ಕಚಕ್ ಬೆರಳಿಗೆ ಮಾತ್ರ ತಿಳಿಯುತ್ತಿತ್ತು. ನನಗೆ ಸ್ವರ್ಗ. ವಾರ ಕಳೆಯುವುದರೊಳಗೆ ನನ್ನ ಮೇಜಿನ ಶಾಫ್ಟುಗಳಿಗೆ ಕಬ್ಬಿಣದ ಪುಡಿ ಅಂಟತೊಡಗಿತು. ಅಳತೆಯ ಕೆಲಸದ ಹತ್ತಿರ ಆಯಸ್ಕಾಂತ ಸುಳಿಯಬಾರದೆಂದು ಇಬ್ಬರಿಗೂ ಗೊತ್ತಿತ್ತು. ಸಿಕ್ಕಿದ ಖುಷಿಯಲ್ಲಿ ಇಬ್ಬರೂ ಮರೆತಿದ್ದೆವು.

“ನಿನ್ನ ಬೆರಳಿಗೆ ಪಾಸು, ಕೆಲಸಕ್ಕ ನಾಪಾಸು,” ಎಂದು ಸ್ಟೋರಕ್ಕ ಕೈ ಚಾಚಿದರು. ಕೊಡಲು ನನಗೆ ಮನಸ್ಸಿರಲಿಲ್ಲ. “ಸಾಕ್ರಿ ಅಕ್ಕ, ಬಿಟ್ಟುಬಿಡೋಣ,” ಎಂದೆ. ರಿಬ್ಬನ್ನಿನಿಂದ ಕೈ ಕಟ್ಟಿದ ಟೀಚರ ಕಥೆ ಅವರಿಗೆ ಹೇಳಿದ್ದೆ. “ಬಿಡಾಕ ನಾ ಏನು ಸಾಲಿ ಟೀಚರ್ ಅಲ್ಲ,” ಎಂದರು.

ಮಾರನೆಯ ದಿನ ಹಳೆಯ ರವಿಕೆಯಿಂದ ಕಿತ್ತ ಒಂದು ಪ್ಲಾಸ್ಟಿಕ್ ಟಿಚ್ ಬಟನ್ ತಂದರು. ಪಾಲಿಶ್ ಮಾಡುವ ಗಾಲಿಯ ಉಣ್ಣೆಬಟ್ಟೆಯನ್ನು ಮಡಚಿ, ಬಟನ್ನಿನ ಎರಡು ಭಾಗಗಳನ್ನೂ ಒಳಗೆ ಹೊಲಿದು, ಎರಡು ಬೆರಳಗಲದ ಚೀಲದಂಥದ್ದೊಂದನ್ನು ಮಾಡಿದ್ದರು. ಒತ್ತಿದರೆ ಹತ್ತುತ್ತದೆ, ಜಗ್ಗಿದರೆ ಬಿಡುತ್ತದೆ. ಎಡಗಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು. ಪಾಸು ಎಂದು ಬಾಯಿಬಿಟ್ಟು ಹೇಳಲಿಲ್ಲ, ನನ್ನ ಕೈಯಲ್ಲಿಟ್ಟು ಒಳಗೆ ಹೋದರು. ಅಂದು ಸಂಜೆಯವರೆಗೆ ಇನ್ನೂರು ಶಾಫ್ಟು ಅಳೆದೆ. ಜಾಲರಿಯಾಚೆ ಚಕ್ರಗಳು ಠಣ್ ಅನ್ನುವುದು ನನಗೂ ಕೇಳುತ್ತಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಲ್ಲರಿಗೂ ಸುಖ. ಸದ್ದು ಹೋಯಿತು, ಹುಡುಗಿ ಸರಿಹೋದಳು ಎಂದು ಜನ ಚಪ್ಪಾಳೆ ತಟ್ಟುತ್ತಿದ್ದರು. ಆದರೆ ಕೆಲವರಿಗೆ ಸದ್ದು ಹೋದರೆ ಸಾಲದು.

ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬರುವ ದಿನ ಮ್ಯಾನೇಜರು ನನ್ನ ಬೆರಳುಗಳನ್ನು ನೋಡಿ ಮುಖ ಕಿವುಚಿದರು. ಗಿರಾಕಿಗಳು ಹೋಗುವವರೆಗೆ ನನ್ನನ್ನು ಸ್ಟೋರಿನೊಳಗೆ ಕೂರಿಸಿಕೊಳ್ಳಿ ಎಂದು ಸ್ಟೋರಕ್ಕನಿಗೆ ಹಿಂದಿಯಲ್ಲಿ ಹೇಳಿದರು. ನೋಡಿದವರು ಏನೆಂದುಕೊಂಡಾರು ಎಂಬುದು ಅವರ ಚಿಂತೆ. ನಾನು ಎದ್ದೂ ನಿಂತಿದ್ದೆ. ರೂಢಿ ನೋಡಿ, ಅಡಗಿಕೋ ಎಂದರೆ ಕಾಲು ತಾನೇ ಏಳುತ್ತದೆ.

“ಕೂಡು,” ಎಂದರು ಸ್ಟೋರಕ್ಕ ನನಗೆ. ಮ್ಯಾನೇಜರಿಗೂ ಕನ್ನಡದಲ್ಲೇ ಹೇಳಿದರು, ಅವರಿಗೆ ತಿಳಿಯುತ್ತಿತ್ತು. “ಸದ್ದು ನನ್ನ ಕೆಲಸಕ್ಕ ಅಡ್ಡ ಬರ್ತಿತ್ತು, ಬದಲಿ ಹುಡುಕೀವಿ. ಈಗ ನೋಡಾಕ ಆಗವಲ್ದು ಅಂದ್ರ ಅದು ನೋಡವರ ಕಣ್ಣಿನ ತ್ರಾಸು. ಅದಕ್ಕ ನನ್ನ ಸ್ಟೋರಿನಾಗ ಸಾಮಾನಿಲ್ಲ.”

ಬಂದವರಲ್ಲಿ ಒಬ್ಬರು ನನ್ನ ಮೇಜಿನ ಬಳಿ ನಿಂತು ಕೈಯಲ್ಲೇನು ಎಂದು ಕೇಳಿದರು. ಜಾಲರಿಯ ಕಡೆ ನೋಡಿದೆ. ಸ್ಟೋರಕ್ಕ ಬೇಕೆಂದೇ ಬೇರೆಡೆ ನೋಡುತ್ತಿದ್ದರು. “ನನ್ನ ಕೈಗೆ ಬೇಕು ಸರ್, ಇದಿದ್ದರೆ ಅಳತೆ ಸರಿಯಾಗಿ ನೋಡುತ್ತೇನೆ,” ಎಂದೆ ಹಿಂದಿಯಲ್ಲಿ. ಅವರು ಸರಿ ಎಂದು ಮುಂದೆ ಹೋದರು. ಅಂದು ನಾನು ಯಾರೂ ಕಾಣದ ದೋಷ ಕಂಡುಹಿಡಿದು ಕಾರ್ಖಾನೆಯ ಮಾನ ಉಳಿಸಲಿಲ್ಲ. ಎಂದಿನಷ್ಟೇ ಕೆಲಸ ಮಾಡಿದೆ. ಕೈ ಅಲ್ಲಾಡಿಸುವ ಹಕ್ಕಿಗೆ ಪ್ರತಿಯಾಗಿ ಪವಾಡ ತೋರಿಸಬೇಕೆಂದು ಯಾರಾದರೂ ಅಂದುಕೊಂಡಿದ್ದರೆ ಅವರ ಆಸೆ ಹಾಗೇ ಇರಲಿ.

ಕಳೆದ ವರ್ಷ ಸ್ಟೋರಕ್ಕನ ಕಿಡ್ನಿ ಕೈಕೊಟ್ಟವು. ಆಸ್ಪತ್ರೆ ಸಾಕೆಂದು ಮನೆಗೆ ಬಂದುಬಿಟ್ಟರು. ಭಾನುವಾರ ಮಧ್ಯಾಹ್ನ ನೋಡಲು ಹೋದೆ. ಮಂಚದ ಸುತ್ತ ನೆಂಟರು ಕೂತಿದ್ದರು. ಕುರ್ಚಿ ತುಂಬಿ ಕೂರುತ್ತಿದ್ದ ಆ ದಪ್ಪ ಹೆಂಗಸು ಹೊದಿಕೆಯಡಿ ಇದ್ದಾರೋ ಇಲ್ಲವೋ ಎನ್ನುವಷ್ಟು ಇಳಿದಿದ್ದರು. ನನಗೆ ತಡೆಯಲಾಗಲಿಲ್ಲ. ಅವಸರದಲ್ಲಿ ಬಟನ್ ಮನೆಯಲ್ಲೇ ಬಿಟ್ಟು ಬಂದಿದ್ದೆ, ಉಗುರುಗಳು ಚಟಚಟ ಶುರುವಾದವು.

“ಏನಿದು, ಇಂಥಾ ಹೊತ್ತಿನಾಗ. ಕೈ ಸುಮ್ನ ಇಟಗೋಬಾರದೇನು?” ಎಂದರು ಅವರ ತಮ್ಮನ ಹೆಂಡತಿ. ಕೈಗಳನ್ನು ತೊಡೆಯಡಿಗೆ ತುರುಕಿಕೊಂಡೆ.

ಸ್ಟೋರಕ್ಕ ಕಣ್ಣು ತೆರೆದರು. ಮಾತು ತಡೆದು ತಡೆದು ಬಂತು. “ತಗೀ ಕೈ. ಇಲ್ಲಿ ತಟ್ಟಿ ನೋಡೂ ಕಲ್ಲು ಯಾವುದೈತಿ? ಮಾಡು ಸದ್ದು.”

ಮಾಡಿದೆ. ನೆಂಟರೆಲ್ಲ ನೋಡುತ್ತಿದ್ದರು. ಕಣ್ಣೀರು ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ. ಅವರು ಮತ್ತೆ ಕಣ್ಣು ಮುಚ್ಚಿ ಕೇಳುತ್ತಾ ಮಲಗಿದರು. ಬುಧವಾರ ತೀರಿಕೊಂಡರು.

ಅವರಿಗೆ ನಾನು ಏನು ಕೊಟ್ಟೆ ಎಂದು ಕೇಳಿದರೆ ಏನೂ ಇಲ್ಲ. ಅವರಿಂದ ಬಂದದ್ದು ಒಂದು ಪ್ರಶ್ನೆ. ಎಲ್ಲಿ ಹೋದರೂ ಮೊದಲು ಅದನ್ನೇ ಕೇಳಿಕೊಳ್ಳುತ್ತೇನೆ. ಇಲ್ಲಿ ನನ್ನ ಸದ್ದಿನಿಂದ ಯಾರಿಗಾದರೂ ಪೆಟ್ಟಾಗುತ್ತದೆಯೇ? ಮಲಗಿದ ಮಗುವಿದ್ದರೆ, ಪರೀಕ್ಷೆ ಬರೆಯುವವರಿದ್ದರೆ, ಬಟನ್ ಹೊರಗೆ ತೆಗೆಯುತ್ತೇನೆ. ಹೋದ ತಿಂಗಳು ರಾಯಚೂರಿನಲ್ಲಿ ಒಂದು ನಿಶ್ಚಿತಾರ್ಥ ಇತ್ತು. ಮೈಕು, ಮಕ್ಕಳ ಕೂಗಾಟ, ವಾಲಗ. ಎದುರು ಸಾಲಿನಿಂದ ಚಿಕ್ಕಮ್ಮ ನನ್ನ ಕೈ ನೋಡಿ ಕಣ್ಣಲ್ಲೇ ಗದರಿಸಿದಳು. ನಾನು ಅವಳ ಕಣ್ಣನ್ನೇ ನೋಡುತ್ತಾ ಉಗುರು ಚಿಮ್ಮಿಸುತ್ತಲೇ ಇದ್ದೆ. ಕೊನೆಗೆ ಅವಳೇ ಕಣ್ಣು ಆಚೆ ತಿರುಗಿಸಿದಳು.