ವಕೀಲ ಕಾಕಾ ಮತ್ತು ಒಂದು ‘ರಿ’

ನನ್ನ ಕರಿ ಕೋಟು ಹೊರತೆಗೆದರೆ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ವಕೀಲ ಕಾಕಾ ಪಕ್ಕದಲ್ಲಿ ಬಂದು ನಿಂತಂತಾಯಿತು. ಅವರ ಕೋಟಿಗೆ ಬೇಸಿಗೆ, ಮಳೆಗಾಲ ಎನ್ನದೆ ಇದೇ ವಾಸನೆ...

ನಮ್ಮ ದಲಿತ ಕೇರಿಯಿಂದ ಹೋಗಿ ಆಳಂದದ ಕೋರ್ಟಿನಲ್ಲಿ ವಕೀಲರಾದ ಮೊದಲಿಗರು ಅವರು. ನಾನು ಅವರ ಕೈಕೆಳಗೆ ಕೆಲಸ ಕಲಿತೆ. ಎಂಥ ಬಡವ ಬಂದರೂ ಕಾಕಾ ‘ಬರ್ರಿ, ಕೂಡ್ರಿ’ ಎನ್ನದೆ ಮಾತು ಶುರು ಮಾಡುತ್ತಿರಲಿಲ್ಲ.

ನಮ್ಮೂರ ಹೋಟೆಲಿನಲ್ಲಿ ಕೇರಿಯವರಿಗೆ ಹೊರಗಿನ ಕಟ್ಟೆಯೇ ಗತಿಯಾಗಿತ್ತು, ಚಹಾದ ಕಪ್ಪೂ ಬೇರೆ. ಕಾಕಾ ಕೇಸು ಹಾಕಿ, ವರ್ಷಗಟ್ಟಲೆ ಓಡಾಡಿ ಗೆದ್ದರು. ಮರುದಿನವೇ ತಮ್ಮ ತಾಯಿಯನ್ನು ಚಹಾಕ್ಕೆ ಕರೆದೊಯ್ದರು. ನಾನೂ ಬೆನ್ನು ಹತ್ತಿದೆ. ಮಾಲಕ ಬೆಂಚು ಒರೆಸಿ, ‘ಬಾ ಬೇ ಮುದುಕಿ, ಕುಂದ್ರು’ ಎಂದ. ಎಲ್ಲರ ಗ್ಲಾಸಿನಲ್ಲೇ ಚಹಾ ಕೊಟ್ಟ. ಅಷ್ಟರಲ್ಲಿ ಗೌಡರ ಮನೆಯವನೊಬ್ಬ ಒಳಬಂದ; ಅಜ್ಜಿಯ ಮೊಮ್ಮಗನ ವಯಸ್ಸು. ಅವನಿಗೆ ‘ಬರ್ರಿ ಧಣ್ಯಾರ!’

ಹೊರಗೆ ಬಂದ ಮೇಲೆ ಅಜ್ಜಿ ಮಗನನ್ನು ಕೇಳಿದಳು: ‘ಛಾ ಛಲೋ ಇತ್ತಪಾ. ನಂಗೂ ಬರ್ರಿ ಅನಸಾಕ ಯಾವ ಕಾಯ್ದೆ ಅದ?’

ಕೋರ್ಟಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸಿದ ಕಾಕಾನಿಗೆ ಅಂದಿನಿಂದ ತಾಯಿಗೆ ಊರಲ್ಲಿ ಒಂದು ‘ರಿ’ ಕೇಳಿಸಬೇಕೆಂಬುದೇ ಹಟ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಪಂಚಾಯತಿ... ಎಲ್ಲ ಕಡೆ ಜೊತೆಗೆ ಕರೆದೊಯ್ಯುತ್ತಿದ್ದರು. ಅಜ್ಜಿ ಆ ‘ರಿ’ ಕೇಳದೆಯೇ ತೀರಿಕೊಂಡಳು. ನನಗೆ ಸಿಟ್ಟು ತಡೆಯಲಾಗಲಿಲ್ಲ.

‘ಇನ್ನೂ ಕಾಯ್ದೆ ನಂಬ್ತೀರೇನ್ರಿ ಕಾಕಾ?’ ಎಂದೆ.

‘ಅರ್ಧಾ ನಂಬ್ತೇನಿ. ಕಾಯ್ದೆ ಬಾಗಲಾ ತೆಗಸ್ತದ, ಮನಸ ತೆಗಸಂಗಿಲ್ಲ. ಹಂಗಂತ ಬಾಗಲಾ ಮುಚ್ಚಾಕ ಬಿಡೂದೇನು?’

ಕಾಕಾ ತೀರಿಹೋಗಿ ಬಹಳ ದಿನವಾಗಿಲ್ಲ. ನಾನೀಗ ಜೇವರ್ಗಿಯಲ್ಲಿ ವಕೀಲಿ ಮಾಡುತ್ತೇನೆ. ಮೊನ್ನೆ ಅದೇ ಕೋಟು ತೊಟ್ಟು ಊರಿಗೆ ಹೋದವಳು ಆ ಹೋಟೆಲಿಗೆ ಹೊಕ್ಕೆ. ಈಗ ಗಲ್ಲಾದಲ್ಲಿ ಮಾಲಕನ ಮಗ.

‘ಬರ್ರಿ ಮೇಡಮ್ಮಾರ, ಫ್ಯಾನಿನ ಬುಡಕ ಕೂಡ್ರಿ’ ಎಂದ. ಖುಷಿಯಾಯಿತು, ಸುಳ್ಳೇಕೆ ಹೇಳಲಿ! ಯಾವ ಊರೆಂದು ಕೇಳಿದ. ಇದೇ ಊರು, ವಕೀಲ ಕಾಕಾನ ಕೇರಿ ಎಂದೆ.

‘ಓ... ಅವನ ಕೇರಿಯಾಕಿ ಏನು? ಕುಂದ್ರು ಕುಂದ್ರು, ಛಾ ಕುಡಿ.’

ಪ್ರೀತಿಯಿಂದಲೇ ಅಂದ. ತನ್ನ ಬಾಯಿಂದ ಏನು ಜಾರಿಹೋಯಿತೆಂದು ಅವನಿಗೆ ಗೊತ್ತೂ ಆಗಲಿಲ್ಲ. ನಾನು ಚಹಾ ಕುಡಿಯದೆ ಎದ್ದು ಬಂದೆ.

ಇದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕು, ‘ಇರ್ಲಿ, ನಾಳಿನ ಕೇಸಿನ ಕಾಗದಾ ತಗೀರಿ ವಕೀಲರ’ ಎನ್ನುವವರು ನಮ್ಮೂರಲ್ಲಿ ಒಬ್ಬರಿದ್ದರು. ಈಗಿಲ್ಲ.